ತಗಡಿನ ಕ್ರೇನು

ಹೋದ ತಿಂಗಳು ಸೇಡಂನಲ್ಲಿ ರೇಡಿಯೋ ರಿಪೇರಿ ಅಂಗಡಿಯೊಂದರ ಬಾಗಿಲಲ್ಲಿ ಕುಳಿತಿದ್ದೆ. ಅಂಗಡಿಯವನು ಕಾಯ್ದ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದ. ಚುರ್ ಎಂದು ಒಂದೆಳೆ ಬಿಳಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರಿಗಿದ್ದ ಅಂಗಡಿ ನನಗೆ ಕಾಣಿಸದಾಯಿತು. ಶಹಾಬಾದಿನ ಒಂದು ಪಡಸಾಲೆ, ಫರಸಿ ಕಲ್ಲಿನ ನೆಲದ ಮೇಲೆಲ್ಲ ಚೆಲ್ಲಿದ ತಗಡಿನ ಚೂರು, ನೆಲಕ್ಕೆ ಮೊಣಕೈ ಊರಿ ಒಂದು ಕಣ್ಣು ಮುಚ್ಚಿ ಬೆಸುಗೆಯ ಗೆರೆ ನೋಡುತ್ತಿದ್ದ ಸ್ಟೋರ್ ಮಾಮಾ… ರೇಡಿಯೋ ಅಲ್ಲಿಯೇ ಬಿಟ್ಟು ಎದ್ದು ಬಂದೆ.

ಅವರು ನನಗೆ ರಕ್ತಸಂಬಂಧಿಯಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಕಡೆ ನಿಜಾಮರ ರಾಜ್ಯ. ನಾನು ಆಡಕಿ ಎಂಬ ಹಳ್ಳಿಯಿಂದ ಬಂದು ಶಹಾಬಾದಿನ ಒಂದು ಕಲ್ಲಿನ ಖಣಿಯಲ್ಲಿ ಅಳತೆ ಗುಮಾಸ್ತನಾಗಿ ಸೇರಿದ್ದೆ. ದಿನವಿಡೀ ಫರಸಿಗಳ ಉದ್ದ ಅಗಲ ಅಳೆದು ಬರೆಯುವ ಕೆಲಸ. ಅವರು ಅದೇ ಖಣಿಯಲ್ಲಿ ಸ್ಟೋರ್ ಕೀಪರ್. ನನ್ನ ಬಾಡಿಗೆ ಕೋಣೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಊರೆಲ್ಲ ಅವರನ್ನು ಸ್ಟೋರ್ ಮಾಮಾ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ. ಬರಬರುತ್ತ ಮುಂದಿನ ‘ಸ್ಟೋರ್’ ಬಿದ್ದುಹೋಗಿ ಬರೀ ಮಾಮಾ ಉಳಿಯಿತು.

ಮೊದಲ ಸಲ ಅವರ ಪಡಸಾಲೆಗೆ ಕಾಲಿಟ್ಟ ದಿನ ನಾನು ಬೆರಗಾಗಿ ನಿಂತುಬಿಟ್ಟೆ. ಗೋಡೆಯ ಗೂಡುಗಳಲ್ಲಿ ದೇವರ ಪಟ ಇರಬೇಕಾದಲ್ಲಿ ಲಾರಿಗಳಿದ್ದವು. ಮೊಳದುದ್ದದ ಲಾರಿಗಳು. ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ನಮ್ಮ ಖಣಿಯ ಲಾರಿ, ಅದರ ಬೆನ್ನಿಗೆ ಕಟ್ಟಿದ ಇದ್ದಿಲ ಒಲೆಯ ಸಮೇತ ಅಲ್ಲಿತ್ತು. ರಸ್ತೆ ತುಳಿಯುವ ಉಗಿ ರೋಲರ್ ಇತ್ತು. ಕಲ್ಲು ಸಾಗಿಸುವ ತಳ್ಳುಬಂಡಿಗಳ ಸಾಲು ಇತ್ತು. ಬಿಸ್ಕತ್ತಿನ ಡಬ್ಬಿಯ ತಗಡು, ಛತ್ರಿಯ ಕಡ್ಡಿ, ಕೆಟ್ಟ ಗಡಿಯಾರದ ಹಲ್ಲುಚಕ್ರ, ಇವೇ ಅವರ ಸಾಮಾನು. ಲಾರಿಯ ಬಾಗಿಲಿನ ತಿರುಗಣಿ ಗೋಧಿಕಾಳಿಗಿಂತ ಚಿಕ್ಕದು, ಆದರೂ ಬಾಗಿಲು ತೆರೆಯುತ್ತಿತ್ತು.

“ಮುಟ್ಟಿ ನೋಡು ತಮ್ಮಾ, ಮುರಿಯಂಗಿಲ್ಲ,” ಎಂದರು. “ಫೂಟಿಗೊಂದು ಇಂಚಿನ ಲೆಕ್ಕ. ಹೊರಗಿನ ರೂಪ ಯಾರರೆ ಮಾಡ್ತಾರ. ಭಾರಾನೂ ತಾಳಿ ಬರಬೇಕು. ಭಾರ ಸುಳ್ಳ ಹೇಳಬಾರದು.”

ಅಂದಿನಿಂದ ನನ್ನ ಸಂಜೆಗಳು, ರಜೆಯ ದಿನಗಳು ಅವರ ಪಡಸಾಲೆಯವೇ ಆದವು. ಕತ್ತರಿ ಹಿಡಿಯುವುದನ್ನು ಕಲಿಸಿದರು. ತಗಡಿನ ಅಂಚು ಕೈ ಕೊಯ್ಯದಂತೆ ಮಡಿಸುವುದನ್ನು ಕಲಿಸಿದರು. ನಾನು ಬೆಸೆದರೆ ಇರುವೆ ಸಾಲಿನ ಹಾಗೆ ಗಂಟುಗಂಟು. ಅವರು ಬೆಸೆದರೆ ತುಪ್ಪ ಹರಿದು ಹೆಪ್ಪುಗಟ್ಟಿದ ಹಾಗೆ ನುಣುಪು. ಮಾಡಿದ ಪ್ರತಿಯೊಂದು ಭಾಗವನ್ನೂ ಬಂಗಾರದ ಕೆಲಸದ ಪತ್ತಾರನಿಂದ ತಂದ ಹಳೆಯ ತಕ್ಕಡಿಯಲ್ಲಿ ತೂಗುತ್ತಿದ್ದರು. ಹೆಚ್ಚಾದರೆ ಅರದಿಂದ ಉಜ್ಜಿ ಇಳಿಸಬೇಕು. ನನ್ನ ಮೊದಲ ಲಾರಿ ಮುಗಿಯಲು ಐದು ತಿಂಗಳು ಹಿಡಿಯಿತು. ಅದನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಮಾಮಾ ಒಂದೊಂದೇ ಬೆಸುಗೆಯ ಗೆರೆ ನೋಡಿದರು. ಆಮೇಲೆ ತಮ್ಮ ರೋಲರನ್ನು ಗೂಡಿನಿಂದ ಕೆಳಗಿಳಿಸಿ ಅಲ್ಲಿ ನನ್ನ ಲಾರಿ ಇಟ್ಟರು. ನಮ್ಮ ಅಪ್ಪ ನನ್ನನ್ನು ಹೊಗಳಿದ್ದು ನೆನಪಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಯುದ್ಧ ಮುಗಿದ ಮೇಲೆ ಖಣಿಯಲ್ಲಿ ದೊಡ್ಡ ಕಲ್ಲುಗಳಿಗೆ ಬೇಡಿಕೆ ಬಂತು. ವರ್ಷಗಟ್ಟಲೆ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಉಗಿ ಕ್ರೇನನ್ನು ಎಣ್ಣೆ ಹಾಕಿ ಎಬ್ಬಿಸಿದರು. ಅದು ಹಳಿಯ ಮೇಲೆ ಓಡಾಡುತ್ತ, ಉದ್ದನೆಯ ತೋಳು ಚಾಚಿ, ಕಲ್ಲನ್ನು ಎತ್ತಿ ರೈಲು ವ್ಯಾಗನ್ನಿಗೆ ಇಡುತ್ತಿತ್ತು. ನೋಡಿದ ದಿನವೇ ನಾನು ಮರುಳಾದೆ.

“ಮಾಮಾ, ಇನ್ ಕ್ರೇನ್ ಮಾಡೂಣು.”

“ಕ್ರೇನ್ ಬ್ಯಾಡ ತಮ್ಮಾ. ಭಾಳ ತ್ರಾಸಿಂದು.”

ಮತ್ತೊಮ್ಮೆ ಕೇಳಿದೆ, ಬೇಡ ಎಂದರು. ತ್ರಾಸಿನ ಕೆಲಸವೆಂದರೆ ಕುಣಿಯುವ ಮನುಷ್ಯ ಹೀಗೇಕೆ ಅನ್ನುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ನಾನೇ ಅಳತೆ ಪಟ್ಟಿ ಹಿಡಿದು ಹೋಗಿ, ಕ್ರೇನನ್ನು ಇಂಚಿಂಚೂ ಬರೆದುಕೊಂಡು ಬಂದೆ. ಮುಂದೆ ಕಲ್ಲು ಎತ್ತಿದಾಗ ಮುಗ್ಗರಿಸದಿರಲೆಂದು ಕ್ರೇನಿನ ಹಿಂಭಾಗದ ಪೆಟ್ಟಿಗೆಯಲ್ಲಿ ಬೀಡುಕಬ್ಬಿಣದ ದಪ್ಪ ತುಂಡುಗಳನ್ನು ಇಡುತ್ತಾರೆ. ಪೆಟ್ಟಿಗೆಯಲ್ಲಿ ಆರು ತುಂಡಿಗೆ ಜಾಗವಿತ್ತು. ಇದ್ದದ್ದು ನಾಲ್ಕು. ಮಾಮಾನನ್ನು ಕೇಳಿದೆ.

“ಕ್ರೇನ್ ವಾಡಿಯಿಂದ ಇಲ್ಲಿಗಿ ತರೂ ಮುಂದ ಎರಡು ತೆಗೆಸ್ಯಾರ. ನಾಲ್ಕೇ ಸಾಕದಕ,” ಎಂದರು.

ನಾಲ್ಕೇ ಹಾಕಿ ಮಾಡಿದೆ. ಎಂಟು ತಿಂಗಳ ಕೆಲಸ. ಮಾಮಾ ಕೊನೆಗೆ ತಾವೂ ಕೈ ಹಚ್ಚಿದರು. ತೋಳಿನ ಸಂದುಗಳನ್ನೆಲ್ಲ ಅವರೇ ಬೆಸೆದದ್ದು. ಮುಗಿದ ದಿನ ತಗಡಿನ ಹಳಿಯ ಮೇಲೆ ನಿಲ್ಲಿಸಿ, ತೋಳನ್ನು ಪಕ್ಕಕ್ಕೆ ತಿರುಗಿಸಿ, ಅಳತೆಗೆ ತಕ್ಕ ಭಾರದ ಕಲ್ಲಿನ ಚೂರು ತೂಗುಹಾಕಿದೆ. ಕ್ರೇನು ಮೆಲ್ಲಗೆ ಆಚೆ ಬದಿಯ ಗಾಲಿ ಎತ್ತಿ, ಮಗ್ಗುಲಾಗಿ ಬಿತ್ತು. ಮತ್ತೆ ನಿಲ್ಲಿಸಿದೆ. ಮತ್ತೆ ಬಿತ್ತು.

“ಮಾಮಾ, ಆ ಎರಡು ತುಂಡು ಬೇಕೇ ಬೇಕು. ಸಾಹೇಬ್ರಿಗಿ ಹೇಳೂಣು ನಡೀರಿ. ಖರೇ ಕ್ರೇನೂ ಹಿಂಗೇ ಬೀಳ್ತದ.”

ಅವರು ನನ್ನ ಮುಖ ನೋಡಲಿಲ್ಲ. “ನಿನ್ನ ಅಳತ್ಯಾಗ ತಪ್ಪು ಅದ. ಗೊಂಬಿ ಬಿತ್ತಂತ ಸಾಹೇಬ್ರಿಗಿ ಹೇಳಿದ್ರ ನಗ್ತಾರ. ಇಲ್ಲೇ ಬಿಟ್ಟು ಹೋಗು, ನಾ ನೋಡ್ತೀನಿ.”

ಎರಡು ದಿನ ಬಿಟ್ಟು ಕರೆದರು. ಕಲ್ಲು ತೂಗುಹಾಕಿ ತೋರಿಸಿದರು. ಕ್ರೇನು ಅಲುಗಲಿಲ್ಲ. ತೋಳಿನ ತೂಕ ಹೆಚ್ಚಾಗಿತ್ತು, ಉಜ್ಜಿ ಇಳಿಸಿದೆ ಎಂದರು. ನಾನು ನಾಚಿಕೊಂಡೆ. ತಕ್ಕಡಿಯಲ್ಲಿ ತೂಗಿದವನು ನಾನೇ, ತಪ್ಪು ನನ್ನದೇ ಎಂದುಕೊಂಡೆ. ಅವರ ಮೇಲೆ ಸಂಶಯಪಡುವುದು ನನಗೆ ಗೊತ್ತೇ ಇರಲಿಲ್ಲ.

ಕ್ರೇನ್ ನಡೆಸುತ್ತಿದ್ದ ಡ್ರೈವರ್ ಚಾಚಾ ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದ. ನಾಲ್ಕು ಮಕ್ಕಳ ತಂದೆ, ಮಾತು ಕಡಿಮೆ.

“ಬಾಬು, ನೀವು ಎಲ್ಲಾ ಅಳತಿ ತಗೊಂಡೀರಂತ. ಒಂದು ಕೇಳ್ತೀನಿ. ತೋಳು ಬಾಜುಕ ಹೊಳ್ಳಿಸಿದ್ರ ಆಚಿ ಕಡಿ ಗಾಲಿ ಎದ್ದಂಗಾಗ್ತದ್ರಿ. ನನಗ ಅಂಜಿಕಿ ಬರ್ಲಿಕತ್ತದ.”

ನಾನು ಅವನನ್ನು ಮಾಮಾನ ಪಡಸಾಲೆಗೆ ಕರೆದುಕೊಂಡು ಹೋದೆ. ಹಳಿಯ ಮೇಲೆ ನಿಂತೇ ಇದ್ದ ಕ್ರೇನಿನ ತೋಳು ಪಕ್ಕಕ್ಕೆ ತಿರುಗಿಸಿ, ಕಲ್ಲು ಕಟ್ಟಿ ತೋರಿಸಿದೆ. “ನೋಡು ಚಾಚಾ. ಫೂಟಿಗೊಂದು ಇಂಚು, ಭಾರಾನೂ ಲೆಕ್ಕದ್ದು. ಇದು ಬೀಳಂಗಿಲ್ಲ ಅಂದ್ರ ಅದೂ ಬೀಳಂಗಿಲ್ಲ.” ಚಾಚಾ ಕೂತು ಒಂದೆರಡು ಸಲ ತಾನೇ ಕಲ್ಲು ಕಟ್ಟಿ ನೋಡಿದ. ಅವನ ಮುಖ ಸಡಿಲಾಯಿತು. ನಕ್ಕ.

ಮಾಮಾ ಅಲ್ಲೇ, ಹೊಸ್ತಿಲ ಮೇಲೆ, ಚಹಾದ ಬಟ್ಟಲು ಹಿಡಿದು ನಿಂತಿದ್ದರು. ಒಂದು ಮಾತು… ಒಂದೇ ಒಂದು ಮಾತು ಹೇಳಬಹುದಿತ್ತು. “ಚಾಚಾಗ ಚಾ ಕೊಡ್ರಿ,” ಎಂದು ಒಳಗೆ ಕೂಗಿದರು, ಅಷ್ಟೇ.

ಮೂರು ವಾರ ಕಳೆಯಿತು. ಬೆಳಗ್ಗೆ ಹತ್ತರ ಹೊತ್ತಿಗೆ ನಾನು ಫರಸಿ ಅಳೆಯುತ್ತಿದ್ದೆ. ನೆಲ ಅದುರಿತು. ಆಮೇಲೆ ಉಗಿ ಸೀಳಿಕೊಂಡು ಹೊರಬರುವ ಸದ್ದು, ಅದರ ಒಳಗೆ ಮನುಷ್ಯನ ಕೂಗು. ಕ್ರೇನು ಮಗ್ಗುಲಾಗಿ ಬಿದ್ದಿತ್ತು, ನನ್ನ ತಗಡಿನ ಕ್ರೇನು ಮೊದಲ ದಿನ ಬಿದ್ದ ಹಾಗೆಯೇ. ಚಾಚಾನ ಎಡಗಾಲು ಅದರ ಕೆಳಗೆ ಸಿಕ್ಕಿತ್ತು. ಗುಲ್ಬರ್ಗದ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ವಿಚಾರಣೆ ನಡೆದದ್ದು ಮ್ಯಾನೇಜರ್ ಸಾಹೇಬರ ಬಂಗಲೆಯಲ್ಲಿ. ಮಾಮಾ ನನ್ನ ಕ್ರೇನನ್ನು ತಂದು ಮೇಜಿನ ಮೇಲೆ ಇಟ್ಟರು. ಕಲ್ಲು ಕಟ್ಟಿದರು, ತೋಳು ತಿರುಗಿಸಿದರು. ಅದು ಬಂಡೆಯ ಹಾಗೆ ನಿಂತಿತು. ಸಾಹೇಬರು ನನ್ನನ್ನು ಕೇಳಿದರು: ಇದನ್ನು ಮಾಡಿದ್ದು ನೀನೇನು? ಅಳತೆ, ಭಾರ ಎಲ್ಲ ಅಸಲಿನಂತೆ ಇದೆಯೇನು? ಹೌದು ಎಂದೆ. ಉರ್ದುವಿನಲ್ಲಿ ಬರೆದ ಕಾಗದ ಮುಂದಿಟ್ಟರು, ಸಹಿ ಮಾಡಿದೆ. ಕ್ರೇನಿನಲ್ಲಿ ದೋಷವಿಲ್ಲ, ಡ್ರೈವರ್ ಅವಸರ ಮಾಡಿ ಬೀಳಿಸಿದ ಎಂದು ತೀರ್ಮಾನವಾಯಿತು. ಚಾಚಾನ ನೌಕರಿ ಹೋಯಿತು.

ಸಾಹೇಬರು ಮಾಮಾನನ್ನು ಅಲ್ಲೇ ಕೂರಿಸಿಕೊಂಡಿದ್ದರಿಂದ ಕ್ರೇನನ್ನು ಮನೆಗೆ ಹೊತ್ತು ತಂದವನು ನಾನು. ಅವರು ಅದನ್ನು ಸರಿಪಡಿಸಿದ ಮೇಲೆ ಎತ್ತಿ ಇಡುವ ಕೆಲಸ ಮಾಮಾ ನನಗೆ ಬಿಟ್ಟುಕೊಟ್ಟಿರಲಿಲ್ಲ. ಬಂಗಲೆಯಿಂದ ಓಣಿಯ ತಿರುವಿನವರೆಗೆ ಬರುವಷ್ಟರಲ್ಲಿ ನನ್ನ ಕೈ ಸೋತಿತು. ಇಷ್ಟು ಭಾರ ಇರಬಾರದು… ಪ್ರತಿ ತುಂಡನ್ನೂ ತೂಗಿದ ಕೈ ಅದು. ಕೋಣೆಗೆ ಬಂದು ಮಗುಚಿ ಹಾಕಿದೆ. ಹಿಂಭಾಗದ ತಳಕ್ಕೆ ಇನ್ನೊಂದು ತಗಡು ಹೊದಿಸಿತ್ತು. ಸುತ್ತ ಬೆಸುಗೆಯ ಗೆರೆ, ತುಪ್ಪದಂಥ ನುಣುಪು. ಕತ್ತರಿ ಹಾಕಿ ಸೀಳಿದೆ. ಎರಡು ತಗಡಿನ ನಡುವೆ ಸೀಸ ಹೊಯ್ದಿತ್ತು. ಅದನ್ನು ತೆಗೆದು ಕ್ರೇನು ನಿಲ್ಲಿಸಿ ಕಲ್ಲು ಕಟ್ಟಿದೆ. ಬಿತ್ತು.

ಮರುದಿನ ಸೀಸದ ಬಿಲ್ಲೆಯನ್ನು ಅವರ ಮುಂದೆ ಇಟ್ಟೆ. ಅವರು ತಗಡು ಕತ್ತರಿಸುತ್ತಿದ್ದರು. ಕತ್ತರಿ ನಿಲ್ಲಿಸಲಿಲ್ಲ.

“ಆ ಎರಡು ತುಂಡು ಎಲ್ಲಿ ಹೋದವು ಮಾಮಾ?”

“ಲಡಾಯ್ಯಾಗ ಕಬ್ಬಿಣಕ ಬಂಗಾರದಂಥ ಬೆಲಿ ಇತ್ತು. ಕ್ರೇನ್ ಸುಮ್ನ ಮೂಲ್ಯಾಗ ನಿಂತಿತ್ತು. ಮತ್ತ ಎಬ್ಬಸ್ತಾರಂತ ಯಾರಿಗಿ ಗೊತ್ತಿತ್ತು?”

“ಚಾಚಾ ಇಲ್ಲೇ ಕುಂತು ಕೇಳಿದ. ನೀವು ನಿಂತು ನೋಡಿದ್ರಿ.”

ಆಗ ಕತ್ತರಿ ನಿಂತಿತು. “ಈಗ ಹೇಳಿದ್ರ ಇಬ್ಬರ ಹೆಸರೂ ಬರ್ತದ ತಮ್ಮಾ. ಸಹಿ ನಿಂದದ.” ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ಬೆಸುಗೆ ಹೀಗೆ ಹಿಡಿ, ಹಾಗೆ ಹಿಡಿ ಎಂದು ಕಲಿಸುತ್ತಿದ್ದ ಅದೇ ದನಿ. ಅದಕ್ಕೇ ಹೆಚ್ಚು ನೋವಾಯಿತು.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಅಂಜಿದ್ದೆ, ಸುಳ್ಳೇಕೆ ಹೇಳಲಿ. ಮೂರನೆಯ ದಿನ ಗುಲ್ಬರ್ಗಕ್ಕೆ ಹೋಗಿ ಚಾಚಾನಿಗೆ ಎಲ್ಲ ಹೇಳಿದೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

“ಗೊಂಬಿ ಸುಳ್ಳ ಹೇಳಿರಬಹುದು ಬಾಬು,” ಎಂದ. “ನಾ ಗೊಂಬಿ ನೋಡಿ ಕ್ರೇನ್ ಏರಿಲ್ಲ. ನಿಮ್ಮ ಮುಖ ನೋಡಿ ಏರೀನಿ.”

ಅಲ್ಲಿಂದ ನೆಟ್ಟಗೆ ಸಾಹೇಬರ ಬಂಗಲೆಗೆ ಬಂದೆ. ಸೀಸ ತೋರಿಸಿದೆ. ಆಗಿನ ಸಹಿ ಸುಳ್ಳೋ, ಈಗಿನ ಮಾತು ಸುಳ್ಳೋ ಎಂದು ಕೇಳಿದರು. ಸಹಿ ಸುಳ್ಳು ಎಂದೆ. ಬಿದ್ದ ಕ್ರೇನಿನ ಪೆಟ್ಟಿಗೆ ತೆಗೆಸಿ ನೋಡಿದರು, ಹಳೆಯ ನಕ್ಷೆ ತರಿಸಿದರು, ಅದರಲ್ಲಿ ಆರು ತುಂಡಿನ ಲೆಕ್ಕವಿತ್ತು. ಸ್ಟೋರ್ ಮಾಮಾನ ಮನೆಗೆ ಆಳು ಹೋದಾಗ ಬಾಗಿಲಿಗೆ ಬೀಗವಿತ್ತು. ಹಿಂದಿನ ರಾತ್ರಿಯೇ ಮನೆಮಂದಿಯೊಂದಿಗೆ ಹೈದರಾಬಾದಿನ ರೈಲು ಹತ್ತಿದ್ದರು. ನಾನು ಅಂಜಿ ಕಳೆದ ಆ ಎರಡು ದಿನಗಳನ್ನು ಅವರು ಬಳಸಿಕೊಂಡಿದ್ದರು. ಚಾಚಾನ ಮೇಲಿನ ಆರೋಪ ಅಳಿಸಿ, ಗೇಟಿನ ಕಾವಲುಗಾರನಾಗಿ ಇಟ್ಟುಕೊಂಡರು. ಸುಳ್ಳು ಸಹಿ ಮಾಡಿದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಅದು ನ್ಯಾಯವೇ.

ಆ ಮನೆಯ ಬೀಗ ಒಡೆದಾಗ ನಾನೂ ಇಣುಕಿ ನೋಡಿದೆ. ಅವರ ಲಾರಿಗಳು, ರೋಲರ್, ತಳ್ಳುಬಂಡಿಗಳು ಎಲ್ಲ ಗೂಡುಗಳಲ್ಲಿ ಇದ್ದ ಹಾಗೆಯೇ ಇದ್ದವು. ನನ್ನ ಮೊದಲ ಲಾರಿ ಇದ್ದ ಗೂಡು ಖಾಲಿ ಇತ್ತು. ತಮ್ಮದೆಲ್ಲ ಬಿಟ್ಟು ಅದೊಂದನ್ನು ಒಯ್ದಿದ್ದರು. ಯಾಕೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಅವರು ಅದನ್ನೂ ಬಿಟ್ಟು ಹೋಗಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು.

ನಿಜಾಮರ ರಾಜ್ಯ ಹೋಯಿತು. ನಾನು ಸೇಡಂಗೆ ಬಂದು ಕಟ್ಟಡದ ಕಲ್ಲು ಮಾರುವ ಅಂಗಡಿ ಹಾಕಿದೆ. ಎಷ್ಟೋ ವರ್ಷದ ಮೇಲೆ ವಾಡಿ ಜಂಕ್ಷನ್ನಿನಲ್ಲಿ ಅವರನ್ನು ಕಂಡೆ. ಹಾಸಿಗೆಯ ಸುರುಳಿಯ ಮೇಲೆ ಕುಳಿತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ನಾನು ಸುಮ್ಮನೆ ದಾಟಿಹೋಗಬಹುದಿತ್ತು. ಮಾತಾಡಿಸಿದೆ. ದನಿಯಿಂದಲೇ ಗುರುತು ಹಿಡಿದರು.

“ಈಗೇನರ ಮಾಡ್ಲಿಕತ್ತೀಯೇನು ತಮ್ಮಾ?”

“ಇಲ್ರಿ. ಬಿಟ್ಟೀನಿ.”

“ಯಾಕ ಬಿಟ್ಟಿ? ನಿನ್ನ ಕೈ ನನ್ನಕಿಂತ ಛಲೋ ಇತ್ತು.”

ಚಾಚಾನ ಬಗ್ಗೆ ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ತಪ್ಪಾಯಿತು ಎನ್ನುತ್ತಾರೆಂದು ಕಾದೆ. ರೈಲು ಬಂತು. ಮುದುಕ, ಕಣ್ಣು ಕಾಣದು… ಹಾಸಿಗೆ ಎತ್ತಿ ರೈಲಿನ ಡಬ್ಬಿಯೊಳಗೆ ಇಟ್ಟುಕೊಟ್ಟೆ. ಅವರು ಗಾಳಿಯಲ್ಲಿ ಕೈ ಚಾಚಿ ನನ್ನ ಕೈ ಹುಡುಕಿದರು. ನಾನು ಕೊಡಲಿಲ್ಲ.

ಅವರು ತೀರಿಕೊಂಡ ಸುದ್ದಿ ಮೊನ್ನೆ ಸೋಮವಾರ ಹೈದರಾಬಾದಿನಿಂದ ಬಂದ ಕಲ್ಲಿನ ವ್ಯಾಪಾರಿಯೊಬ್ಬರ ಬಾಯಲ್ಲಿ ಬಂತು. ಹೋಗಿ ಎರಡು ವರ್ಷವಾಯಿತಂತೆ. ಅಂಗಡಿ ಮುಚ್ಚಿ ಮನೆಗೆ ಬಂದು ಸುಮ್ಮನೆ ಕುಳಿತಿದ್ದೆ. ಹೆಂಡತಿ ಊಟಕ್ಕೆ ಕರೆದಳು, ಒಲ್ಲೆ ಎಂದೆ.

“ಯಾಕ್ರಿ, ಏನಾಯ್ತು?”

“ನಮ್ಮ ಮಾಮಾ ಹೋದ್ರಂತ.”

ಮೂವತ್ತು ವರ್ಷ ಸಂಸಾರ ಮಾಡಿದವಳು. ನನ್ನ ಕಡೆಯ ನೆಂಟರನ್ನೆಲ್ಲ ಬಲ್ಲಳು. ತಾಟು ಕೈಯಲ್ಲಿ ಹಿಡಿದೇ ನಿಂತಳು.

“ನಿಮಗ ಮಾಮಾ ಯಾರಿದ್ರು?”

“ಇದ್ರು,” ಎಂದೆ. “ಒಬ್ರಿದ್ರು.”