ಮೂಸ್ ಬೇಟೆಗೊಂದು ಚೌಕಾಶಿ

ನಾನು ಕೋವಿ ಮುಟ್ಟಿದವನಲ್ಲ. ಬೇಟೆಯ ಮಾತು ಹಾಗಿರಲಿ, ಗೋದಾಮಿನ ಇಲಿಯನ್ನು ಸಹ ಬೋನಿನಲ್ಲಿ ಹಿಡಿದು ರೈಲ್ವೆ ಗೇಟಿನಾಚೆ ಬಿಟ್ಟು ಬರುವ ಜಾಯಮಾನ ನನ್ನದು. ಹಾಗಿದ್ದೂ, ಕೆನಡಾದ ಕಾಡಿನಲ್ಲೆಲ್ಲೋ ಮೇಯುತ್ತಿದ್ದ ಒಂದು ಪ್ರಾಣಿಗಾಗಿ, ಮುಖವನ್ನೇ ನೋಡದ ಒಬ್ಬ ಮನುಷ್ಯನ ಜೊತೆ, ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಕೂತು ಮೂರು ವಾರ ಚೌಕಾಶಿ ಮಾಡಿದ್ದೇನೆ. ಇದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೆಯಿಂದಲೋ ಇನ್ನೂ ತೀರ್ಮಾನವಾಗಿಲ್ಲ. ಓದಿ ನೀವೇ ಹೇಳಿ.

ಒಂದು ಕಾಲಕ್ಕೆ ಸೈಕಲ್ ಮೇಲೆ ವಾಷರ್ ಮಾರುತ್ತಿದ್ದವನು ಈಗ ಪಂಪು, ಪೈಪಿನ ಅಂಗಡಿ ಇಟ್ಟಿದ್ದೇನೆ. ನಡುವಿನ ದಾರಿಯನ್ನೆಲ್ಲ ಚೌಕಾಶಿ ಮಾಡಿಕೊಂಡೇ ನಡೆದದ್ದು. ನಿಮಗೂ ಒಂದು ಬಿಟ್ಟಿ ಸಲಹೆ: ಬೇಕಾದ ಸಾಮಾನಿನ ಕಡೆ ಕಣ್ಣೆತ್ತಿ ನೋಡಬೇಡಿ. ಪಕ್ಕದ್ದರ ಬೆಲೆ ಕೇಳಿ, ನಿಟ್ಟುಸಿರು ಬಿಡಿ, ಎರಡು ಹೆಜ್ಜೆ ಹೊರಗೆ ಹಾಕಿ. ಅಂಗಡಿಯವನು ಕರೆದರೆ ವ್ಯಾಪಾರ ನಿಮ್ಮದು. ಕರೆಯದಿದ್ದರೆ ಅವನು ಹೇಳಿದ್ದೇ ಸರಿಯಾದ ಬೆಲೆ, ತಲೆ ತಗ್ಗಿಸಿ ವಾಪಸು ಹೋಗಿ. ಈ ವಿದ್ಯೆಯಿಂದಾಗಿ ನನ್ನ ಹೆಂಡತಿ ಸೀರೆ ಅಂಗಡಿಗೆ ನನ್ನನ್ನು ಕರೆದೊಯ್ಯುವುದನ್ನು ನಿಲ್ಲಿಸಿ ಬಹಳ ವರ್ಷವಾಯಿತು. ಬಡಾವಣೆಯ ಉಳಿದವರೆಲ್ಲ ಕರೆದೊಯ್ಯುತ್ತಾರೆ.

ಅವರಲ್ಲೊಬ್ಬರು ಹಾಲೇಶಣ್ಣ. ನಿಜವಾದ ಹೆಸರು ಬರೆದರೆ ಅವರು ನನ್ನ ಅಂಗಡಿಗೆ ಕಾಲಿಡುವುದಿಲ್ಲ, ಹಾಗಾಗಿ ಹಾಲೇಶಣ್ಣ ಎಂದೇ ಇಟ್ಟುಕೊಳ್ಳೋಣ. ಮಾಯಕೊಂಡದ ಕಡೆ ಜಮೀನು, ಊರಲ್ಲಿ ಸ್ವಂತ ಮನೆ, ಪಡಸಾಲೆಯ ಗೋಡೆಯಲ್ಲಿ ಅಜ್ಜನ ಕಾಲದ ಲೈಸೆನ್ಸ್ ಕೋವಿಯನ್ನು ನೇತುಹಾಕುವ ಎರಡು ಗೂಟ. ಗೂಟ ಎಂದೆ, ಕೋವಿ ಎನ್ನಲಿಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಈಚೆಗೆ ದಿಲ್ಲಿಯ ಸರ್ಕಾರಗಳು ಒಂದರ ಮೇಲೊಂದು ಬೀಳುತ್ತಿರುವುದರಿಂದ ಆ ಕೋವಿ ಗೂಟ ಕಂಡದ್ದಕ್ಕಿಂತ ಠಾಣೆ ಕಂಡದ್ದೇ ಹೆಚ್ಚು. ಹಾಲೇಶಣ್ಣನ ಬೇಟೆಗೆ ಮಾತ್ರ ಇದರಿಂದ ಏನೂ ಅಡ್ಡಿಯಾಗಿಲ್ಲ. ಪ್ರತಿ ಸಂಜೆ ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ, ಮಂಡಕ್ಕಿ ಮಿರ್ಚಿಯ ಜೊತೆ, ಅವರು ಹರೆಯದಲ್ಲಿ ಹೊಡೆದ ಹಂದಿ, ಚಿರತೆಗಳನ್ನು ಮತ್ತೆ ಹೊಡೆಯುತ್ತಾರೆ. ಮೊಟ್ಟೆಯೂ ಹೊಸ್ತಿಲು ದಾಟದ ಮನೆ ಅವರದು. ಕೇಳಿದರೆ, "ಹೊಡಿಯಾದು ಬ್ಯಾರೆ, ತಿನ್ನಾದು ಬ್ಯಾರೆ ತಮ್ಮಾ" ಎನ್ನುತ್ತಾರೆ.

ಹೀಗಿರುವಾಗ ಹರಿಹರದ ಒಂದು ಕಾರ್ಖಾನೆಗೆ ಯಂತ್ರ ಕೂರಿಸಲು ಪೀಟರ್ ಎಂಬ ಕೆನಡಾದ ಎಂಜಿನಿಯರ್ ಬಂದ. ಆ ಕಾರ್ಖಾನೆಗೆ ಪೈಪು ಕೊಡುವವನು ನಾನೇ ಆದ್ದರಿಂದ ಒಂದು ಸಂಜೆ ಅವನನ್ನು ದಾವಣಗೆರೆಗೆ ಕರೆತಂದು ಬೆಣ್ಣೆ ದೋಸೆ ತಿನ್ನಿಸಿ, ನಮ್ಮ ಬೆಂಚಿನ ಮೇಲೆ ಕೂರಿಸಿದೆ. ಹಾಲೇಶಣ್ಣನ ಚಿರತೆಯ ಕಥೆಯನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ನನ್ನದು ಬಿಲ್ಲು ಬರೆದು ಕಲಿತ ಇಂಗ್ಲಿಷು, ಆದರೂ ಚಿರತೆ ಸತ್ತಿತು. ಪೀಟರ್ ಕಣ್ಣರಳಿಸಿ, ತನ್ನ ಅಣ್ಣ ಬೇಟೆಯ ಗೈಡ್ ಎಂದೂ, ಹೊರಗಿನವರನ್ನು ಮೂಸ್ ಬೇಟೆಗೆ ಕರೆದೊಯ್ಯುವುದೇ ಅವನ ಕಸುಬೆಂದೂ, ಇಂಥ ವೀರರು ಬರಲೇಬೇಕೆಂದೂ ಹೇಳಿದ. ಇಡೀ ಬೆಂಚು ಹಾಲೇಶಣ್ಣನ ಮುಖ ನೋಡಿತು. ಅವರು ಮೀಸೆಯ ಮೇಲಿನ ಮಂಡಕ್ಕಿ ಕೊಡವಿ, "ಬರ್ತೀನಿ ಅಂತ ಹೇಳು. ಅದನ್ನೂ ಒಂದು ನೋಡಿಬಿಡಾಣ" ಎಂದರು. ಪೀಟರ್ ಊರಿಗೆ ಮರಳಿದ ಮೇಲೆ ಇದು ಮರೆತುಹೋಗುತ್ತದೆಂದು ಅವರು ಎಣಿಸಿರಬೇಕು. ನಾನೂ ಹಾಗೇ ಎಣಿಸಿದ್ದೆ.

ಹದಿನೈದು ದಿನಕ್ಕೆ ರಫೀಕನ ಎಸ್.ಟಿ.ಡಿ. ಅಂಗಡಿಗೆ ಪೀಟರನ ಅಣ್ಣನಿಂದ, ದರಪಟ್ಟಿ ಸಮೇತ, ನಾಲ್ಕು ಹಾಳೆಯ ಫ್ಯಾಕ್ಸ್ ಬಂತು. ರಫೀಕ್ ಪ್ರಾಮಾಣಿಕ ಮನುಷ್ಯ. ಬಂದ ಫ್ಯಾಕ್ಸನ್ನು ಓದದೆ, ನಾಲ್ಕು ಜನಕ್ಕೆ ತೋರಿಸದೆ, ಯಾರಿಗೂ ಕೊಡುವುದಿಲ್ಲ. ನನ್ನ ಕೈಗೆ ಬರುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮೂಸ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ. ಎತ್ತಿಗಿಂತ ಎತ್ತರ, ಕೊಂಬು ಒಂದೊಂದೂ ಮೊರದಷ್ಟು ಅಗಲ. ಆರು ದಿನದ ಬೇಟೆ. ನೀರಿನಲ್ಲಿ ತೇಲುವ ಪುಟ್ಟ ವಿಮಾನದಲ್ಲಿ ಕೆರೆಯ ಮೇಲೆ ಇಳಿಸುತ್ತಾರೆ. ಗೈಡ್ ಮರದ ತೊಗಟೆಯನ್ನು ತುತ್ತೂರಿಯಂತೆ ಸುತ್ತಿ ಹೆಣ್ಣು ಮೂಸಿನ ದನಿಯಲ್ಲಿ ಕೂಗುತ್ತಾನೆ, ಗಂಡು ಆಸೆಯಿಂದ ಬರುತ್ತದೆ, ಅತಿಥಿ ಗುಂಡು ಹಾರಿಸುತ್ತಾನೆ. ಹೆಣ್ಣು ನೋಡಲು ಬಂದವರಿಗೆ ಹೀಗೆ ಮಾಡಿದರೆ ನಮ್ಮಲ್ಲಿ ಪಂಚಾಯಿತಿ ಸೇರಿಸುತ್ತಾರೆ.

ಅಂದ ಹಾಗೆ, ನಮ್ಮ ಪುರಾಣದ ರಾಜರು ಬೇಟೆಗೆ ಹೋಗಿ ತಂದದ್ದೇನು ಎಂದು ಎಂದಾದರೂ ಯೋಚಿಸಿದ್ದೀರಾ? ಒಬ್ಬ ಶಾಪ ತಂದ, ಇನ್ನೊಬ್ಬ ಹೆಂಡತಿಯನ್ನು ತಂದ. ಜಿಂಕೆ ತಂದು ಅಡುಗೆಮನೆಗೆ ಕೊಟ್ಟವನ ಸುದ್ದಿ ನಾನಂತೂ ಕೇಳಿಲ್ಲ. ಇದನ್ನು ಹಾಲೇಶಣ್ಣನ ಮನೆಯಲ್ಲಿ ಹೇಳಿದಾಗ ಅವರ ಹೆಂಡತಿ ಗಿರಿಜಕ್ಕ ನಗಲಿಲ್ಲ. ಹಾಲೇಶಣ್ಣ ಒಳಗೆದ್ದು ಹೋಗುವುದನ್ನೇ ಕಾದಿದ್ದು, ದನಿ ತಗ್ಗಿಸಿ ಹೇಳಿದರು: "ಏನಪ್ಪಾ, ನಿನಗಾದ್ರೂ ತಿಳಿಬ್ಯಾಡ್ವಾ? ಇವರು ಒಂದು ಗುಬ್ಬಿನೂ ಹೊಡ್ದಿಲ್ಲ. ದೀಪಾವಳಿ ಬಂದ್ರೆ ಕಿವಿಗೆ ಹತ್ತಿ ಇಟ್ಕೊಂಡು ದೇವರಮನೆಯಾಗೆ ಕುಂತಿರ್ತಾರೆ. ಈಗ ಮೂರು ದಿನದಿಂದ ನಿದ್ದಿ ಇಲ್ಲ. ಹೆಂಗಾರ ಮಾಡಿ ತಪ್ಸು. ಆದ್ರೆ ನೋಡು, ಅವರ ಮರ್ಯಾದಿ ಹೋಗಬಾರ್ದು."

ನಾನು ಧೈರ್ಯ ಹೇಳಿದೆ. ವ್ಯಾಪಾರ ಮುರಿಯುವುದೇನು ದೊಡ್ಡ ಮಾತು? ಕೊಡುವವನಿಗೆ ಉರಿಯುವಷ್ಟು ಕಡಿಮೆ ಕೇಳಿದರಾಯಿತು. ಬೆಂಚಿನವರಿಗೂ "ದರ ಹೊಂದಲಿಲ್ಲ" ಎಂದರೆ ಮುಗಿಯಿತು. ನಮ್ಮೂರಲ್ಲಿ ಅದು ಮದುವೆ ತಪ್ಪಿದ್ದಕ್ಕೂ ಒಪ್ಪುವ ಕಾರಣ.

ಮೊದಲ ಫ್ಯಾಕ್ಸಿನಲ್ಲೇ ಅರ್ಧ ಬೆಲೆ ಕೇಳಿದೆ. ನಾವು ಸಸ್ಯಾಹಾರಿಗಳು, ಮಾಂಸ ನಮಗೆ ಬೇಡ, ಅದರ ಕಿಮ್ಮತ್ತು ಮುರಿದುಕೊಳ್ಳಿ ಎಂದೆ. ದಿನಾ ಜೋಳದ ರೊಟ್ಟಿ, ಪೂಜೆಗೆ ಮುಂಚೆ ಸ್ನಾನಕ್ಕೆ ಬಿಸಿನೀರು ಎಂದೆ. ಕೊನೆಗೆ ನನ್ನ ಬ್ರಹ್ಮಾಸ್ತ್ರ: ಪ್ರಾಣಿ ಕಾಣದಿದ್ದರೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಇದಕ್ಕೆ ಯಾವ ಗೈಡೂ ಒಪ್ಪಲಾರ ಎಂಬುದು ನನ್ನ ಲೆಕ್ಕ. ನಮ್ಮಲ್ಲಿ ಬೋರ್‌ವೆಲ್ ಕೊರೆಸುವವರನ್ನು ನೋಡಿ. ತೆಂಗಿನಕಾಯಿ ಹಿಡಿದು ನೀರಿನ ಜಾಗ ತೋರಿಸುವವನಿಗೂ, ಲಾರಿ ತಂದು ಕೊರೆಯುವವನಿಗೂ ಹಣ ಕೊಡಲೇಬೇಕು. ನೀರು ಬರುವುದು ಬಿಡುವುದು ನಮ್ಮ ಹಣೆಬರಹ. ಬೇಟೆಯೂ ಅದೇ ಜಾತಿಯ ವ್ಯಾಪಾರವಲ್ಲವೇ? ಆ ಕಡೆಯಿಂದ ಒಂದೆರಡು ತಕರಾರು ಬಂದವು. ನಾನು ಜಗ್ಗಲಿಲ್ಲ. ಆಮೇಲೆ ಎಂಟು ದಿನ ಸುದ್ದಿಯಿಲ್ಲ. ಹಾಲೇಶಣ್ಣ ಮತ್ತೆ ಹಂದಿ ಹೊಡೆಯಲು ಶುರುಮಾಡಿದರು.

ಒಂಬತ್ತನೆಯ ಸಂಜೆ ರಫೀಕ್ ರಸ್ತೆಯ ಆ ಬದಿಯಿಂದಲೇ ಹಾಳೆ ಬೀಸುತ್ತ ಕೂಗಿದ: "ಸಾಹುಕಾರ್ರೇ, ಮುಬಾರಕ್! ಎಲ್ಲಾ ಕಬೂಲ್! ರೊಟ್ಟಿನೂ ಕಬೂಲ್!"

ಬದುಕಿನಲ್ಲಿ ಮೊದಲ ಸಲ ಸೋಲಬೇಕೆಂದು ಚೌಕಾಶಿ ಮಾಡಿದ್ದೆ, ಆಗಲೇ ಗೆದ್ದುಬಿಟ್ಟೆ. ಬೆಂಚಿನವರು ನನ್ನ ಬೆನ್ನು ತಟ್ಟಿದರು. ಒಬ್ಬ ಪಾಸ್‌ಪೋರ್ಟಿನ ಮಾತೆತ್ತಿದ, ಇನ್ನೊಬ್ಬ ಉಣ್ಣೆ ಕೋಟಿನ ಮಾತೆತ್ತಿದ. ಹಾಲೇಶಣ್ಣನ ಕೈಯಲ್ಲಿದ್ದ ಮಿರ್ಚಿ ಬಾಯಿಗೂ ಹೋಗದೆ ಪೊಟ್ಟಣಕ್ಕೂ ಮರಳದೆ ಅಲ್ಲೇ ನಿಂತಿತ್ತು. ನನಗೆ ಗಿರಿಜಕ್ಕನ ಮುಖ ಕಣ್ಣಮುಂದೆ ಬಂತು.

ಹಾಲೇಶಣ್ಣ ಮಿರ್ಚಿ ಕೆಳಗಿಟ್ಟು, ಕೈ ಒರೆಸಿಕೊಂಡು, ಫ್ಯಾಕ್ಸ್ ಹಾಳೆಯನ್ನು ಬಟ್ಟೆಯ ನೂಲು ನೋಡುವವರಂತೆ ಬೆಳಕಿಗೆ ಹಿಡಿದರು.

"ಅರ್ಧಕ್ಕೆ ಒಪ್ಪಿದ್ನಾ?"

"ಒಪ್ಪಿದಾನಣ್ಣ."

"ಮಾಂಸದ ರೊಕ್ಕನೂ ಮುರ್ಕೊಂಡ್ನಾ?"

"ಹೂಂ."

"ಹಂಗಾರೆ ಆ ಕಾಡಿನಾಗೆ ಪ್ರಾಣಿನೇ ಇಲ್ಲ ಬಿಡು. ಇದ್ದಿದ್ರೆ ಯಾಕ ಇಷ್ಟು ಇಳೀತಿದ್ದ? ಖಾಲಿ ಕಾಡಿಗೆ ಹೋಗಿ ಕುಂದ್ರಾಕೆ ನಾನೇನು ಹುಚ್ಚನಾ? ಬ್ಯಾಡ ಅಂತ ಬರಿ."

ಬೆಂಚಿನವರೆಲ್ಲ ತಲೆದೂಗಿದರು. ವ್ಯಾಪಾರದ ಊರು ನಮ್ಮದು. ಬೇಗ ಇಳಿದ ಬೆಲೆಯನ್ನು ಅನುಮಾನಿಸುವುದು ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಇಷ್ಟು ವರ್ಷ ಅಂಗಡಿ ನಡೆಸಿದ ನನಗೇ ಹೊಳೆಯದ ಮಾತು, ಹೆದರಿದ ಮನುಷ್ಯನಿಗೆ ಹೊಳೆದಿತ್ತು. ಅವರು ಹೇಳಿದಂತೆಯೇ, ಕಾರಣ ಸಮೇತ, ಕೆನಡಾಕ್ಕೆ ಬರೆದೆ.

ಎರಡು ದಿನಕ್ಕೆ ಉತ್ತರ ಬಂತು. ಕೈಬರಹ, ಮೂರೇ ಸಾಲು. 'ನಿಮ್ಮ ಸ್ನೇಹಿತರಿಗೆ ಅಷ್ಟು ದೂರದಿಂದ ಹೇಗೆ ಗೊತ್ತಾಯಿತು? ನಿಜ, ಈ ವರ್ಷ ನಮ್ಮ ಕಡೆ ಮೂಸ್ ಕಾಣುತ್ತಿಲ್ಲ, ಅತಿಥಿಗಳೂ ಬರುತ್ತಿಲ್ಲ, ಒಬ್ಬರಾದರೂ ಬರಲಿ ಎಂದೇ ನಿಮ್ಮ ಷರತ್ತಿಗೆಲ್ಲ ಒಪ್ಪಿದ್ದೆ. ಅಂಥ ಬೇಟೆಗಾರರಿಗೆ ನನ್ನ ನಮಸ್ಕಾರ ತಿಳಿಸಿ.'

ರಫೀಕ್ ಅದನ್ನು ಬೆಂಚಿನ ಮುಂದೆ ನಿಂತು ಎರಡು ಸಲ ಓದಿದ. ಸಮುದ್ರದಾಚೆಯ ಕಾಡನ್ನು ದಾವಣಗೆರೆಯಲ್ಲಿ ಕೂತೇ ಅಳೆದವರೆಂದು ಹಾಲೇಶಣ್ಣನಿಗೆ ಜನ ಎದ್ದು ಜಾಗ ಬಿಡತೊಡಗಿದರು. ಅವರೊಬ್ಬರಿಗೆ ಮಾತ್ರ ಸಮಾಧಾನವಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಮೊಣಕೈ ಹಿಡಿದು, "ತಮ್ಮಾ, ಖರೇ ಹೇಳು. ಈ ಕಾಗದ ನೀನೇ ಬರೆಸಿದ್ದು ಹೌದಲ್ಲೋ?" ಎಂದರು. ಇಲ್ಲವೆಂದು ಆಣೆ ಮಾಡಿದೆ. ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.

ಅವರ ಬೇಟೆಯ ಕಥೆಗಳಲ್ಲಿ ನಿಜವಾಗಿ ನಡೆದದ್ದು ಇದೊಂದೇ. ಇದೊಂದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ. ಹಾಗಾಗಿ ನಾನು ಹೇಳಬೇಕಾಯಿತು.