ಬಾಗಿಲಿಗೆ ಅಡ್ಡವಾದ ಖುರ್ಚಿ

ಹೇಝಲ್‌ಬ್ರೂಕಿನ ಜನರಿಗೆ ಗೊತ್ತಿರುವುದು ಒಂದೇ ಉತ್ತರ: ಪರವಾಗಿಲ್ಲ. ಕಾಲು ಮುರಿದುಕೊಂಡವನನ್ನು ಕೇಳಿ, ಪರವಾಗಿಲ್ಲ ಎನ್ನುತ್ತಾನೆ. ಆಲಿಕಲ್ಲು ಬಿದ್ದು ಬೆಳೆ ನೆಲಕಚ್ಚಿದವನನ್ನು ಕೇಳಿ, ಅವನದೂ ಅದೇ. ಮನೆಗೆ ಬೆಂಕಿ ಬಿದ್ದರೂ ಈ ಜನ ಅಂಗಳದಲ್ಲಿ ನಿಂತು, ಇವತ್ತು ಅಷ್ಟು ಚಳಿಯಿಲ್ಲ ನೋಡಿ, ಎಂದಾರು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಈ ಬಯಲಲ್ಲೇ ಹುಟ್ಟಿ ಬೆಳೆದ ವರ್ನಾ ಫ್ರೀಸನ್‌ಗೆ ಈ ಕಾಯಿಲೆಯ ಪರಿಚಯ ಚೆನ್ನಾಗಿತ್ತು. ಅದು ಅವಳಿಗೂ ಇತ್ತು.

ವರ್ನಾ ಬಹಳ ಕಾಲ ಊರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅಲ್ಲಿ ಗುಣವಾಗಿ ಮನೆಗೆ ಹೋದವರು ಅಂಗಡಿಯಲ್ಲೋ ಚರ್ಚಿನಲ್ಲೋ ಎದುರಾದರೆ ಅವಳ ಕಣ್ಣು ಹೋಗುತ್ತಿದ್ದುದು ಅವರ ಹೆಗಲಿನ ಮೇಲೆ. ಗಾಯವೇನೋ ಮಾಯ್ದಿರುತ್ತಿತ್ತು, ಹೆಗಲು ಮಾತ್ರ ಕಿವಿಯ ಹತ್ತಿರವೇ ಸೆಟೆದು ನಿಂತಿರುತ್ತಿತ್ತು. ಅಪಾಯ ಮುಗಿಯಿತು ಎಂಬ ಸುದ್ದಿ ಮೈಗೆ ಮುಟ್ಟಿಯೇ ಇಲ್ಲ ಅನ್ನಿಸುತ್ತಿತ್ತು ಅವಳಿಗೆ. ಆ ಸುದ್ದಿ ಮುಟ್ಟಿಸುವುದು ಹೇಗೆಂದು ಕಲಿಯಲು ಐವತ್ತು ಸಮೀಪಿಸಿದಾಗ ಸಸ್ಕಾಟೂನ್ ನಗರಕ್ಕೆ ಹೋದಳು. ಕಲಿತು ಬಂದು, ಮುಖ್ಯರಸ್ತೆಯಲ್ಲಿ ಮುಚ್ಚಿಹೋಗಿದ್ದ ಕ್ಷೌರದಂಗಡಿಯನ್ನು ಬಾಡಿಗೆಗೆ ಹಿಡಿದು, ಅಂಥವರ ಚಿಕಿತ್ಸೆಗೆಂದು ಎರಡು ಖುರ್ಚಿ ಹಾಕಿ ಕೂತಳು.

“ಕಥೆ ಏನಂತ ಕೇಳೋದೇ ಇಲ್ವಂತೆ. ಪಾದ ನೆಲಕ್ಕೆ ತಾಗ್ತಿದ್ಯಾ ಅಂತ ಕೇಳ್ತಾಳಂತೆ. ನಮ್ಮ ಪಾದ ಇನ್ನೆಲ್ಲಿಗೆ ತಾಗ್ಬೇಕು ಮಹರಾಯ!” ಎಂದು ಕಾಫಿ ಅಂಗಡಿಯಲ್ಲಿ ನಗೆಯೋ ನಗೆ. ಹಾಗೆ ನಕ್ಕವರಲ್ಲೇ ಕೆಲವರು ಆಮೇಲೆ ಹಿತ್ತಿಲ ಬಾಗಿಲಿನಿಂದ ಬಂದು ಕೂತರು.

ಓರೆಸ್ಟ್ ಹ್ನಾತ್ಯುಕ್ ಬಂದದ್ದು ಮಾತ್ರ ಮುಂಬಾಗಿಲಿನಿಂದ, ಹೆಂಡತಿ ನಾಡಿಯಾ ತೋಳು ಹಿಡಿದು ಎಳೆದುಕೊಂಡು ಬಂದದ್ದರಿಂದ. ಹಿಂದಿನ ವರ್ಷ ಅವನು ಗಟ್ಟಿಕಟ್ಟಿದ ಗೋಧಿಯನ್ನು ಕೆದಕಲು ತಗಡಿನ ದೊಡ್ಡ ಕಣಜದೊಳಗೆ ಇಳಿದಿದ್ದ. ಕಾಲಡಿಯ ಕಾಳು ಜಾರತೊಡಗಿ ಅವನನ್ನು ಎದೆಮಟ್ಟ ನುಂಗಿತು. ಉಸಿರು ಬಿಟ್ಟಷ್ಟೂ ಗೋಧಿ ಬಿಗಿಯುತ್ತಿತ್ತು, ಕೂಗಲು ದನಿಯೇ ಇರಲಿಲ್ಲ. ನೆರೆಯವರು ಕಣಜದ ತಗಡು ಕತ್ತರಿಸಿ ಕಾಳು ಹರಿಯಬಿಟ್ಟು ಅವನನ್ನು ಹೊರತೆಗೆದರು. ಪಕ್ಕೆಲುಬು ಕೂಡಿಕೊಂಡವು. ಊರವರು ಕೇಳಿದರೆ ಅವನೂ ಪರವಾಗಿಲ್ಲ ಎಂದ.

“ನಂಗೆ ಹುಚ್ಚುಗಿಚ್ಚು ಹಿಡಿದಿಲ್ಲ ವರ್ನಾ,” ಎಂದ, ಟೋಪಿಯನ್ನು ಮಂಡಿಯ ಮೇಲಿಟ್ಟು. “ಯಾರಾದ್ರೂ ತಬ್ಬಿದ್ರೆ ಉಸಿರು ಕಟ್ಟತ್ತೆ, ಅಷ್ಟೇ. ಕ್ರಿಸ್‌ಮಸ್ ದಿನ ನಮ್ಮ ಲರಿಸಾ ಬಂದು ತಬ್ಬಿದ್ಲು. ಹೆತ್ತ ಮಗಳನ್ನ ತಳ್ಳಿಬಿಟ್ಟೆ. ಹೋಗಿ ಗೋಡೆಗೆ ಬಡ್ಕೊಂಡ್ಲು.”

“ಅವಳೇನಂದ್ಲು?”

“ಪರವಾಗಿಲ್ಲ ಅಪ್ಪಾ ಅಂದ್ಲು. ಅವತ್ತಿಂದ ಒಂದು ಮಾರು ದೂರಾನೇ ನಿಲ್ತಾಳೆ.” ಟೋಪಿಯನ್ನು ತಿರುಗಿಸಿದ. “ಜೂನಲ್ಲಿ ಅವಳ ಮದುವೆ. ಅಪ್ಪ ಮಗಳು ಕುಣಿಯೋದೊಂದು ಇರತ್ತಲ್ಲ, ಅದೊಂದು ಆಗ್ಬೇಕು ನೋಡಿ. ಬೇರೇನೂ ಬೇಡ ನಂಗೆ.”

ವರ್ನಾ ಕಣಜದ ಮಾತೆತ್ತಲಿಲ್ಲ. ಕೋಣೆಯನ್ನು ಸುಮ್ಮನೆ ಒಮ್ಮೆ ನೋಡಿ, ಕಣ್ಣಿಗೆ ಹಿತವಾದುದು ಏನಾದರೂ ಸಿಕ್ಕರೆ ಅಲ್ಲೇ ನಿಲ್ಲಿ, ಎಂದಳು. ಅವನ ಕಣ್ಣು ಹೋಗಿ ನಿಂತದ್ದು ಹಳೆಯ ಕ್ಷೌರಿಕ ಬಿಟ್ಟುಹೋದ, ಟೋಪಿ ತೂಗುಹಾಕುವ ಹಿತ್ತಾಳೆ ಗೂಟದ ಮೇಲೆ. ಗೂಟ ನೋಡಲು ಹಣ ಕೊಡಬೇಕೇ ಎಂದು ಅವನಿಗೂ ನಗು ಬಂತು. ಆದರೆ ವಾರ ವಾರವೂ ಬಂದ. ಕಷ್ಟದ ನೆನಪನ್ನು ಒಂದು ಚೂರು ಮುಟ್ಟುವುದು, ಮತ್ತೆ ಗೂಟಕ್ಕೆ, ಅಂಗಾಲಿಗೆ, ಕೂತ ಖುರ್ಚಿಗೆ ವಾಪಸಾಗುವುದು. ನಡುವೆ ಎಲ್ಲಿ ಸಾಕು ಅನ್ನಿಸಿದರೂ ಸಾಕು ಎನ್ನುವುದು. ಫೆಬ್ರವರಿ ಮುಗಿಯುವಷ್ಟರಲ್ಲಿ ಅವನ ಉಸಿರು ಎದೆಯಿಂದ ಹೊಟ್ಟೆಗೆ ಇಳಿದಿತ್ತು.

ಮಾರ್ಚಿನಲ್ಲಿ ಒಂದು ಬೆಳಗ್ಗೆ ಹಿಮದ ಮೇಲಿನ ಬಿಸಿಲು ಕಿಟಕಿಯಿಂದ ನೇರವಾಗಿ ವರ್ನಾಳ ಕಣ್ಣಿಗೆ ಹೊಡೆಯುತ್ತಿತ್ತು. ಓರೆಸ್ಟ್ ಬಂದು ಕೂತ ಮೇಲೆ ಅವಳು ತನ್ನ ಖುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡಳು. ಆ ದಿನ ಅವನು ತುಂಬ ಶಾಂತವಾಗಿದ್ದ. ಎದೆ ಹೇಗಿದೆ? ಪರವಾಗಿಲ್ಲ. ಕೈ? ಪರವಾಗಿಲ್ಲ. ಮುಖದಲ್ಲಿ ಒಂದು ಸಣ್ಣ ನಗೆಯೂ ಇತ್ತು. ಅವನು ಹೋದ ಮೇಲೆ ವರ್ನಾ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು ಕಾಫಿ ಕುಡಿದಳು.

ಮುಂದಿನ ವಾರ ಅವನು ಬರಲಿಲ್ಲ. ನಾಡಿಯಾ ಫೋನ್ ಮಾಡಿದಳು.

“ಇನ್ನು ಬರಲ್ವಂತೆ. ಕುಣಿಯೋದೂ ಬೇಡ, ನಿಮ್ಮ ಚಿಕ್ಕಪ್ಪನ ಜತೆ ಕುಣಿ ಅಂತ ಲರಿಸಾಗೆ ಹೇಳಿಬಿಟ್ಟಿದಾರೆ. ಅವಳು ಸ್ನಾನದ ಕೋಣೇಲಿ ನಲ್ಲಿ ಬಿಟ್ಕೊಂಡು ಅಳ್ತಿದ್ಲು, ವರ್ನಾ. ಅಲ್ಲಿ ಏನಾಯ್ತು?”

ಏನಾಯಿತೆಂದು ವರ್ನಾಗೂ ತಿಳಿಯಲಿಲ್ಲ. ಅಂದು ಹೇಳಿದ ಮಾತೆಲ್ಲ ನೆನಪಿಸಿಕೊಂಡಳು, ತಪ್ಪು ಸಿಗಲಿಲ್ಲ. ಕೊನೆಗೆ ಎದ್ದು ಹೋಗಿ ಅವನ ಖುರ್ಚಿಯಲ್ಲಿ ಕೂತಳು. ಕೂತ ಸ್ವಲ್ಪ ಹೊತ್ತಿಗೇ ಅವಳ ಹೆಗಲು ತಾನಾಗಿ ಮೇಲಕ್ಕೆ ಎದ್ದಿತು. ಎದುರಿಗೆ ನೋಡಿದಳು. ಸರಿಸಿದ ಖುರ್ಚಿ ಅವನಿಗೂ ಬಾಗಿಲಿಗೂ ಸರಿಯಾಗಿ ನಡುವೆ ನಿಂತಿತ್ತು. ಅವಳನ್ನು ದಾಟದೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಸಸ್ಕಾಟೂನಿನಲ್ಲಿ ವರ್ನಾ ಕಲಿತ ಮೊದಲ ಪಾಠವೇ ಅದು: ಬಂದವರ ದಾರಿಗೆ ಅಡ್ಡ ಕೂರಬೇಡಿ. ಎರಡನೆಯ ಪಾಠ, ಮರಗಟ್ಟಿದವನನ್ನು ಕಂಡು ಶಾಂತನಾದ ಎಂದುಕೊಳ್ಳಬೇಡಿ. ಎರಡನ್ನೂ ಒಂದೇ ಬೆಳಗ್ಗೆ ಮರೆತು ಕಾಫಿ ಕುಡಿದಿದ್ದಳು. ಅವಳಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಫೋನ್ ಎತ್ತಿಕೊಂಡಳು.

“ಓರೆಸ್ಟ್, ಅವತ್ತು ನಾನು ಬಾಗಿಲಿಗೆ ಅಡ್ಡ ಕೂತ್ಕೊಂಡೆ. ತಪ್ಪು ನಂದು.”

“ಓ, ಅದಾ! ನಾನೇ ಮತ್ತೆ ಕೆಟ್ಟೋದೆ ಅನ್ಕೊಂಡಿದ್ದೆ. ಪರವಾಗಿಲ್ಲ ಬಿಡಿ.”

“ಇಲ್ಲ, ಪರವಾಗಿದೆ. ಬಂದು ಒಂದ್ಸಲ ಬಯ್ದಾದ್ರೂ ಹೋಗಿ.”

ಅವನು ಬಂದ. ವರ್ನಾ ಅವನನ್ನು ಕೇಳಿಯೇ ಖುರ್ಚಿಯನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟು ಕೂತಳು.

“ಈಗ ನನ್ನ ಎಬ್ಬಿಸಿ.”

“ಪರವಾಗಿಲ್ಲ, ನೀವು ಕೂತ್ಕೊಂಡ್ರೆ ನಂಗೇನು…”

“ಮೈ ಏನು ಹೇಳ್ತಿದೆ?”

ಅವನು ತನ್ನ ಕೈಗಳನ್ನು ನೋಡಿಕೊಂಡ. ಬೆರಳುಗಳು ಖುರ್ಚಿಯ ತೋಳನ್ನು ಕಚ್ಚಿ ಹಿಡಿದಿದ್ದವು. “ಸ್ವಲ್ಪ ಆಚೆ ಸರೀರಿ,” ಎಂದ, ಗೊಣಗುವಂತೆ.

“ಕೇಳಿಸ್ಲಿಲ್ಲ.”

“ಸರೀರಿ ಅಂದೆ!”

“ಕೈ ಏನೋ ಮಾಡ್ಬೇಕು ಅಂತಿದೆ. ಬಿಡಿ, ಮಾಡ್ಲಿ.”

ಓರೆಸ್ಟನ ಎರಡೂ ಅಂಗೈ ಮೆಲ್ಲಗೆ ಮುಂದೆ ಬಂದವು. ಕಾಣದ ಭಾರವೊಂದನ್ನು ಎದೆಯಿಂದ ಹೊರಗೆ ನೂಕುತ್ತ ಬಹಳ ಹೊತ್ತು ಹಾಗೇ ಇದ್ದವು. “ಸರಿ ಆಚೆ! ಸರಿ!” ಎಂದು ಕೂಗಿದ. ಕಣಜದಲ್ಲಿ ಬಾರದ ಕೂಗು ಅದು. ವರ್ನಾ ಎದ್ದು ಖುರ್ಚಿಯನ್ನು ಗೋಡೆಯ ತನಕ ಎಳೆದುಕೊಂಡು ಹೋದಳು. ಬಾಗಿಲು ತೆರವಾಯಿತು. ಓರೆಸ್ಟನ ಮಂಡಿ ನಡುಗತೊಡಗಿತು, ಅವಳು ತಡೆಯಲಿಲ್ಲ. ನಡುಕ ತಾನಾಗಿ ನಿಂತಾಗ ಅವನು ಎದ್ದು ಹೋಗಲಿಲ್ಲ. ದಾರಿ ಇದ್ದೂ ಕೂತೇ ಇದ್ದ, ಬಿಕ್ಕಿ ಬಿಕ್ಕಿ ಅತ್ತ.

ಮದುವೆ ಜೂನಿನಲ್ಲಿ, ಊರ ಸಭಾಂಗಣದಲ್ಲಿ. ಹೇಝಲ್‌ಬ್ರೂಕಿನಲ್ಲಿ ಯಾರ ಮದುವೆಯಾದರೂ ಅಡುಗೆಗೆ ಊರ ಹೆಂಗಸರೆಲ್ಲ ಸೇರಬೇಕು. ಹಾಗಾಗಿ ವರ್ನಾಳೂ ಏಪ್ರನ್ ಕಟ್ಟಿಕೊಂಡು, ಅಡುಗೆಮನೆಯಿಂದ ಬಡಿಸುವ ಕಿಂಡಿಯ ಹಿಂದೆ ನಿಂತಿದ್ದಳು. ತನ್ನ ಹತ್ತಿರ ಬರುವವರು ಹೊರಗೆ ಎದುರಾದರೆ ಅವರಾಗಿ ಮಾತಾಡಿಸುವ ತನಕ ಗುರುತು ತೋರಿಸಬಾರದು ಎಂಬುದು ಅವಳ ವೃತ್ತಿಯ ನೇಮ. ಆಲೂಗಡ್ಡೆ ತುಂಬಿದ ಪಿರೋಹಿ ಕಡುಬಿಗೆ ಬೆಣ್ಣೆ ಸುರಿಯುತ್ತ ಓರೆಗಣ್ಣಲ್ಲಿ ಮಾತ್ರ ನೋಡುತ್ತಿದ್ದಳು.

ಅಕಾರ್ಡಿಯನ್ ಶುರುವಾಯಿತು. ಓರೆಸ್ಟ್ ನಡುವೆ ಹೋಗಿ ನಿಂತು ಮಗಳಿಗೆ ಕೈ ಚಾಚಿದ. ಲರಿಸಾ ಮೊದಲು ಮಾರು ದೂರದಲ್ಲೇ ಹೆಜ್ಜೆ ಹಾಕಿದಳು. ಎರಡು ಸುತ್ತು ತಿರುಗುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ, ಅಪ್ಪನ ಎದೆಗೆ ತಲೆಯಿಟ್ಟು ಬಿಗಿಯಾಗಿ ತಬ್ಬಿಬಿಟ್ಟಳು. ಓರೆಸ್ಟನ ಹೆಗಲು ಎದ್ದದ್ದು ಕಿಂಡಿಯಿಂದಲೂ ಕಾಣಿಸಿತು. ವರ್ನಾ ಸೌಟು ಹಿಡಿದಂತೆಯೇ ನಿಂತಳು. ಅವನು ಬಗ್ಗಿ ಮಗಳ ಕಿವಿಯಲ್ಲಿ ಏನೋ ಹೇಳಿದ. ಲರಿಸಾಳ ತೋಳು ತುಸು ಸಡಿಲವಾಯಿತು, ತಲೆ ಮಾತ್ರ ಅಲ್ಲೇ ಉಳಿಯಿತು. ಅವನ ಹೆಗಲು ಇಳಿಯಿತು. ಹಾಡು ಮುಗಿಯುವ ತನಕ ಇಬ್ಬರೂ ಹಾಗೇ ಕುಣಿದರು.

ಊಟದ ಸಾಲಿನಲ್ಲಿ ಓರೆಸ್ಟ್ ಬೆವರು ಒರೆಸಿಕೊಳ್ಳುತ್ತ ಕಿಂಡಿಯ ಮುಂದೆ ಬಂದು ತಟ್ಟೆ ಹಿಡಿದ. ವರ್ನಾ ಎಲ್ಲರಿಗೂ ಬಡಿಸಿದಂತೆ ಎಲೆಕೋಸಿನ ಸುರುಳಿಗಳನ್ನು ಬಡಿಸಿದಳು. ಎಲ್ಲರನ್ನೂ ಕೇಳಿದಂತೆ, “ಇನ್ನೊಂದು ಹಾಕ್ಲಾ?” ಎಂದಳು. ಈ ಊರಿನ ಗಂಡಸರಿಗೆ ಹಾಕಿದರೂ ಪರವಾಗಿಲ್ಲ, ಹಾಕದಿದ್ದರೂ ಪರವಾಗಿಲ್ಲ.

ಓರೆಸ್ಟ್ ತಟ್ಟೆಯನ್ನು ನೋಡಿದ, ಒಂದು ಗಳಿಗೆ ತನ್ನ ಹೊಟ್ಟೆಯನ್ನು ಕೇಳಿಕೊಂಡ.

“ಬೇಡ,” ಎಂದ ಗಟ್ಟಿಯಾಗಿ.

ವರ್ನಾ ಸುರುಳಿಯನ್ನು ಪಾತ್ರೆಗೆ ವಾಪಸು ಹಾಕಿದಳು. ಅವಳ ಕಣ್ಣು ತುಂಬಿ ಬಂತು. ಏನಾಯಿತೆಂದು ಪಕ್ಕದವಳು ಕೇಳಿದಾಗ, ಈರುಳ್ಳಿ, ಎಂದಳು.