ಮೈಕಣ್ಣ ಆಫ್ ಮಾಡದ ಮೈಕು

ನಮ್ಮ ಬೀದಿಯ ಮೈಕಣ್ಣನಿಗೆ ಆ ಹೆಸರಿಟ್ಟವರು ಅವನ ಅಕ್ಕನೇ. ನಗರಸಭೆಯ ಸಭಾಂಗಣದ ಹಿಂದೆ, ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು ಮೈಕುಗಳನ್ನು ಆನ್ ಮಾಡುವುದು, ಆಫ್ ಮಾಡುವುದು ಅವನ ನೌಕರಿ. ಯಾವ ಸದಸ್ಯರು ಮೈಕನ್ನೇ ನುಂಗುವಂತೆ ಮಾತಾಡುತ್ತಾರೆ, ಯಾರಿಗೆ ಸುಳ್ಳು ಹೇಳುವ ಮೊದಲು ಕೆಮ್ಮು ಬರುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಮನೆಯಲ್ಲಿ ಮಾತ್ರ ಅಕ್ಕನೆದುರು ಅವನ ಬಾಯಿಯೇ ಬಂದ್.

ನಗರಸಭೆಯ ಸಭೆಗಳಲ್ಲಿ ಸಾರ್ವಜನಿಕರಿಗೂ ಮೂರು ನಿಮಿಷ ಮಾತಾಡುವ ಅವಕಾಶವಿತ್ತು. ಯಾರಾದರೂ ಊರಿನ ಗುತ್ತಿಗೆಗಳನ್ನೆಲ್ಲ ಹಿಡಿದಿದ್ದ ಸಿಮೆಂಟ್ ಸಾಹುಕಾರರ ಹೆಸರೆತ್ತಿದರೆ ಅಧ್ಯಕ್ಷರು ಕನ್ನಡಕ ತೆಗೆಯುತ್ತಿದ್ದರು, ಮೈಕಣ್ಣ ಗುಂಡಿ ಒತ್ತುತ್ತಿದ್ದ. ಆಮೇಲೆ ಆ ಮನುಷ್ಯನ ತುಟಿಗಳಷ್ಟೇ ಆಡುತ್ತಿದ್ದವು. ತಾನು ಗುಂಡಿ ಒತ್ತದಿದ್ದರೆ ಊರೇ ತಲೆಕೆಳಗಾಗುತ್ತದೆ ಎಂದು ಅವನು ನಂಬಿದ್ದ. ನಾವೂ ನಂಬಿದ್ದೆವು, ಬೆಪ್ಪರು.

ಚುನಾವಣೆಯಲ್ಲಿ ಆ ಪಕ್ಷದವರು ಓಡಾಡಿದ್ದು ಸಾಹುಕಾರರ ಕಾರಿನಲ್ಲಿ, ಈ ಪಕ್ಷದವರು ಓಡಾಡಿದ್ದೂ ಅವರದೇ ಕಾರಿನಲ್ಲಿ. ನಾವು ಬಿಸಿಲಲ್ಲಿ ಸಾಲು ನಿಂತು, ಭಾರೀ ಯೋಚನೆ ಮಾಡಿ, ಇಬ್ಬರಲ್ಲಿ ಒಬ್ಬರನ್ನು ಆರಿಸಿದೆವು. ಈಗ ಸಾಹುಕಾರರ ಕಣ್ಣು ನಮ್ಮ ಬೀದಿಯ ಸರ್ಕಾರಿ ಶಾಲೆಯ ಮೇಲೆ ಬಿದ್ದಿತ್ತು. ಅದನ್ನು ಕೆಡವಿ ಮಳಿಗೆ ಕಟ್ಟುತ್ತಾರಂತೆ. ನಾವೋ ಗುಮಾಸ್ತರು, ನರ್ಸುಗಳು, ಬಸ್ಸಿನ ಕಂಡಕ್ಟರುಗಳು. ಖಾಸಗಿ ಶಾಲೆಯ ಫೀಸು ಕೇಳಿದರೆ ಎದೆ ಧಸಕ್ಕೆನ್ನುವವರು, ಆದರೆ ಯಾರೆದುರೂ ಹಾಗಂತ ಬಾಯಿಬಿಡಲಾರದವರು. ಅಕ್ಕ ಆ ಶಾಲೆಯಲ್ಲೇ ಪಾಠ ಹೇಳಿ ನಿವೃತ್ತರಾದವರು.

"ಈ ಸಲ ನಾನೇ ಮಾತಾಡ್ತೀನಿ," ಎಂದರು ಅಕ್ಕ. "ನೀನು ಗುಂಡಿ ಹತ್ರ ಕೈ ತರ್ಬೇಡ."

"ನನ್ನ ಕೆಲಸ ಹೋಗುತ್ತೆ, ಅಕ್ಕ."

"ಶಾಲೆ ಹೋಗುತ್ತಲ್ಲೋ."

ಸಭೆಯ ದಿನ ಅಕ್ಕ ಸಾಹುಕಾರರ ಹೆಸರನ್ನು ನೇರವಾಗಿಯೇ ಹೇಳಿದರು. ಯಾರು ಯಾರ ಕಾರು ಹತ್ತಿದ್ದರೆಂದೂ ಹೇಳಿದರು. ಅಧ್ಯಕ್ಷರು ಕನ್ನಡಕ ತೆಗೆದರು. ಮೈಕಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತುಬಿಟ್ಟ. ಅಧ್ಯಕ್ಷರು ಒಮ್ಮೆ ಗಾಜಿನ ಕೋಣೆಯತ್ತ ನೋಡಿದರು, ಕನ್ನಡಕವನ್ನು ಒರೆಸಿದರು, ಮತ್ತೆ ಹಾಕಿಕೊಂಡರು. ಅಕ್ಕ ಹೇಳಬೇಕೆಂದಿದ್ದನ್ನೆಲ್ಲ ಹೇಳಿ ಮುಗಿಸಿದರು. ಹಿಂದೆ ಕೂತಿದ್ದ ನಾವು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆವು. ಒಬ್ಬ ಸದಸ್ಯೆ ಕಣ್ಣೊರೆಸಿಕೊಂಡರು. ವಿರೋಧ ಪಕ್ಷದ ನಾಯಕರು ಎದ್ದು, ಇಂಥ ಗುರುಗಳು ಸಿಗುವುದು ಊರಿನ ಪುಣ್ಯ ಎಂದರು. ಗೆದ್ದೆವು ಅಂದುಕೊಂಡೆವು.

ಮತಕ್ಕೆ ಹಾಕಿದಾಗ ಶಾಲೆ ಕೆಡವಲು ಎಲ್ಲ ಕೈಗಳೂ ಎದ್ದವು. ಕಣ್ಣೊರೆಸಿಕೊಂಡ ಕೈಯೂ ಎದ್ದಿತ್ತು.

ಸಭೆ ಮುಗಿದ ಮೇಲೆ ಅಧ್ಯಕ್ಷರು ಗಾಜಿನ ಕೋಣೆಗೆ ಬಂದರು. ಮೈಕಣ್ಣ ಎದ್ದು ನಿಂತ. ಬೈಗುಳ ಕೇಳಲು, ಕೆಲಸ ಬಿಡಲು ಸಿದ್ಧನಾಗಿದ್ದ. ನಿಜ ಹೇಳಬೇಕೆಂದರೆ, ಅದನ್ನೇ ಬಯಸಿದ್ದ.

"ಯಾಕ್ರೀ ಹೀಗೆ ಬೆವರ್ತಾ ಇದೀರಿ?" ಅಧ್ಯಕ್ಷರು ಅವನ ಭುಜ ತಟ್ಟಿದರು. "ಒಳ್ಳೇದೇ ಆಯ್ತು ಬಿಡಿ. ಇನ್ಮೇಲೆ ಯಾರ ಮೈಕೂ ಆಫ್ ಮಾಡ್ಬೇಡಿ. ಜನ ಹೇಳೋದೆಲ್ಲ ಹೇಳ್ಕೊಂಡು, ಹಗುರಾಗಿ ಮನೆಗೆ ಹೋಗ್ತಾರೆ."

ಹೊರಗೆ ಮೆಟ್ಟಿಲ ಮೇಲೆ ಅಕ್ಕ ಕಾಯುತ್ತಿದ್ದರು.

"ನಾನು ಹೇಳಿದ್ದು ಸರಿಯಾಗಿ ಕೇಳಿಸ್ತೇನೋ ಅವರಿಗೆ?" ಎಂದು ಕೇಳಿದರು.

"ಕೇಳಿಸ್ತು ಅಕ್ಕ," ಎಂದ ಮೈಕಣ್ಣ. "ಒಂದಕ್ಷರ ಬಿಡದೆ ಕೇಳಿಸ್ತು."